ಅಂಕಿಯಲ್ಲಿ ಅಡಗಿದ ಅಕ್ಷರ

ಬೆಂಗಳೂರಿಗೆ ಸಮೀಪದ ದೊಡ್ಡಬೆಲೆಯ ಧರಣೇಂದ್ರ ಪಂಡಿತರ ಮನೆಯಲ್ಲಿ ಒಂದು ವಿಚಿತ್ರ ಗ್ರಂಥವಿತ್ತು. ಕುಮುದೇಂದು ಮುನಿಯದೆಂದು ಹೇಳಲಾಗುವ ಆ ‘ಸಿರಿಭೂವಲಯ’ದಲ್ಲಿ ಅಕ್ಷರಗಳಿಲ್ಲ, ಇರುವುದು 1ರಿಂದ 64ರವರೆಗಿನ ಅಂಕಿಗಳು ಮಾತ್ರ. ಒಂದೊಂದು ಚಕ್ರಕ್ಕೆ 27 ಸಾಲು, ಸಾಲಿಗೆ 27 ಮನೆ; ಒಂದೊಂದು ಅಂಕಿಗೂ ಒಂದು ಧ್ವನಿ. ಯಾವ ಮನೆಯಿಂದ ಯಾವ ಮನೆಗೆ ಸಾಗಬೇಕೆಂಬ ಕ್ರಮಕ್ಕೆ ‘ಬಂಧ’ವೆಂದು ಹೆಸರು. ಯಲ್ಲಪ್ಪ ಶಾಸ್ತ್ರಿಗಳೂ ಕರ್ಲಮಂಗಲಂ ಶ್ರೀಕಂಠಯ್ಯನವರೂ ಬಹುಕಾಲ ಶ್ರಮಿಸಿ ಈ ಬಂಧಗಳನ್ನು ಬಿಡಿಸಿದರು. 1953ರಲ್ಲಿ ಗ್ರಂಥದ ಭಾಗವೊಂದನ್ನು ಬೆಳಕಿಗೆ ತಂದರು. ಅದರ ಕಾಲದ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ.

ಇಂದಿನ ಗಣಕಯಂತ್ರದಲ್ಲಿಯೂ ಇಂಥದೊಂದು ವ್ಯವಸ್ಥೆಯುಂಟು. ಅಕ್ಷರಗಳು ಮಾತ್ರ ಸಾಗಬಲ್ಲ ಮಾರ್ಗದಲ್ಲಿ ಚಿತ್ರವನ್ನೋ ಧ್ವನಿಯನ್ನೋ ಕಳುಹಿಸಬೇಕಾದಾಗ, ‘ಬೇಸ್64’ ಎಂಬ ಕ್ರಮವು ಮೂರು ಬೈಟುಗಳನ್ನು ನಾಲ್ಕು ಚಿಹ್ನೆಗಳಾಗಿ ಮಾರ್ಪಡಿಸುತ್ತದೆ. ಕಾಕತಾಳೀಯವಾಗಿ ಇಲ್ಲಿಯೂ ಚಿಹ್ನೆಗಳು 64! ಕಣ್ಣಿಗೆ ಅದು ಅರ್ಥವಿಲ್ಲದ ಅಕ್ಷರರಾಶಿ. ಆದರೆ ಗಣಕದ ಆಜ್ಞಾಸಾಲಿನಲ್ಲಿ ‘ಬೇಸ್64’ ಎಂದು ಬರೆದು, ‘ಡೀಕೋಡ್’ ಎಂಬ ಸೂಚನೆಯನ್ನೂ ಕಡತದ ಹೆಸರನ್ನೂ ಕೊಟ್ಟರೆ, ಕ್ಷಣಮಾತ್ರದಲ್ಲಿ ಮೂಲರೂಪ ಮರಳುತ್ತದೆ; ಏಕೆಂದರೆ ಆ ಕ್ರಮ ಲೋಕಕ್ಕೆಲ್ಲ ತಿಳಿದಿದೆ. ಸಿರಿಭೂವಲಯದ ಎಷ್ಟೋ ಭಾಗ ಮಾತ್ರ ಬಿಡಿಸುವವರಿಗಾಗಿ ಇನ್ನೂ ಕಾದಿದೆ.

ವಿದ್ಯಾರ್ಥಿಗಳೇ, ಬರೆಹವನ್ನು ಉಳಿಸಿದರೆ ಸಾಲದು. ಅದನ್ನು ಓದುವ ಕ್ರಮವನ್ನೂ ಮುಂದಿನವರಿಗೆ ಒಪ್ಪಿಸಬೇಕು.