ಕಡತ ಹಿಂದಿರುಗಿಸದ ವಕೀಲರು: ಪರಿಷತ್ತಿನ ಅಧಿಕಾರವೆಷ್ಟು?

ಜಂಟಿ ಆಯುಕ್ತರ ದರ್ಜೆಗೆ ಕಡಿಮೆಯಿಲ್ಲದವರ ಲಿಖಿತ ಅಧಿಕಾರಪತ್ರವಿದ್ದರೆ ಜಿಎಸ್‌ಟಿ ಅಧಿಕಾರಿಗಳು 67ನೇ ಕಲಮಿನನ್ವಯ ನಮ್ಮ ಮಳಿಗೆಯನ್ನು ಪ್ರವೇಶಿಸಿ ತಪಾಸಣೆ ನಡೆಸಬಲ್ಲರು. ಅಂತೆಯೇ, ದಾವೆಯ ಕಡತ ಕೊಡದ ವಕೀಲರ ಕಚೇರಿಗೂ ಪರಿಷತ್ತಿನವರು ಹೋಗಿ ಅದನ್ನು ತೆಗೆಸಿಕೊಡುವರೆಂದು ಶಿವಮೊಗ್ಗ, ಭದ್ರಾವತಿಗಳ ಕೆಲವು ವರ್ತಕ ಬಾಂಧವರು ಭಾವಿಸಿದ್ದಾರೆ. ಇದು ಸರಿಯಲ್ಲ.

1961ರ ವಕೀಲರ ಕಾಯ್ದೆಯ 35ನೇ ಕಲಮಿನಡಿ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ದೂರು ಸಲ್ಲಿಸಬಹುದು. ಅದರ ಶಿಸ್ತು ಸಮಿತಿಗೆ 42ನೇ ಕಲಮು ಸಿವಿಲ್ ನ್ಯಾಯಾಲಯದ ಕೆಲವು ಅಧಿಕಾರಗಳನ್ನು ನೀಡಿದೆ. ಸಮನ್ಸ್ ಹೊರಡಿಸಿ ಪ್ರಮಾಣದ ಮೇಲೆ ವಿಚಾರಿಸಬಹುದು. ದಾಖಲೆ ಹಾಜರುಪಡಿಸುವಂತೆ ಆದೇಶಿಸಬಹುದು. ಕಚೇರಿಯನ್ನು ಹೊಕ್ಕು ಶೋಧಿಸುವ ಅಧಿಕಾರ ಆ ಪಟ್ಟಿಯಲ್ಲಿಲ್ಲ.

ಹಾಗೆಂದು ದೂರು ನಿಷ್ಫಲವಲ್ಲ. ಶುಲ್ಕ ಬಾಕಿಯೆಂಬ ಕಾರಣಕ್ಕೆ ಕಡತವನ್ನು ತಡೆಹಿಡಿಯುವ ಹಕ್ಕು ವಕೀಲರಿಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2000ದಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ತೀರ್ಪಿತ್ತಿದೆ. ಅಲ್ಲಿ ಕಕ್ಷಿದಾರ ಮಧ್ಯಪ್ರದೇಶದ ಒಂದು ಸಹಕಾರಿ ಬ್ಯಾಂಕು. ಬಾಕಿ ಶುಲ್ಕಕ್ಕೆ ವಕೀಲರು ಬೇರೆ ಕಾನೂನು ಮಾರ್ಗ ಹಿಡಿಯಬೇಕು.

ಶೋಧನೆಯಿಲ್ಲದ ಕಾರಣ ದೂರುದಾರನ ಕೈಯ ಕಾಗದಗಳೇ ಆಧಾರ: ಶುಲ್ಕದ ರಸೀದಿ, ವಕಾಲತ್ತಿನ ಪ್ರತಿ, ಕಡತ ಒಪ್ಪಿಸಿದ ಸ್ವೀಕೃತಿ. ಹತ್ತು ರೂಪಾಯಿಯ ಸರಕಿಗೂ ಬಿಲ್ಲು ಬರೆಯುವ ನಾವು ಮೂಲ ಕ್ರಯಪತ್ರವನ್ನು ಮಾತ್ರ ಬಾಯಿಮಾತಿನಲ್ಲೇ ಕೊಟ್ಟು ಬರುತ್ತೇವೆ! ದೂರು ವರ್ಷದೊಳಗೆ ಇತ್ಯರ್ಥವಾಗದಿದ್ದಲ್ಲಿ 36-ಬಿ ಕಲಮಿನಂತೆ ಭಾರತೀಯ ವಕೀಲರ ಪರಿಷತ್ತಿಗೆ ವರ್ಗವಾಗುತ್ತದೆ.