ಲಕ್ಕಿ ಗಿಡವನ್ನು ಗುರುತಿಸುವ ಬಗೆ

ಹೊಳೆಹಳ್ಳಗಳ ದಡಗಳಲ್ಲಿಯೂ ಕುರುಚಲು ಕಾಡಿನ ಅಂಚಿನಲ್ಲಿಯೂ ತಾನಾಗಿಯೇ ಬೆಳೆಯುವ ಲಕ್ಕಿಯನ್ನು ದನಕರುಗಳು ಸಾಮಾನ್ಯವಾಗಿ ಮೇಯವು. ಆದುದರಿಂದ ಜೀವಂತ ಬೇಲಿಗೆ ಇದು ಬಹು ಯೋಗ್ಯವಾದುದು. ಕೊರೆದುಹೋಗುವ ದಡದ ಮಣ್ಣನ್ನೂ ಇದರ ಬೇರುಗಳು ಹಿಡಿದು ನಿಲ್ಲಿಸುವುವು. ಆದರೆ ಹೆಸರಿನ ಹೋಲಿಕೆಯನ್ನು ನಂಬಿ ಕರಿಲಕ್ಕಿಯ ಕಡ್ಡಿಗಳನ್ನು ನೆಟ್ಟರೆ ಬೇಲಿಯು ಮೂರು ನಾಲ್ಕು ಅಡಿಗಿಂತ ಹೆಚ್ಚು ಏಳುವುದು ಅಪರೂಪ. ಅದು ಬೇರೆಯೇ ಕುಲದ ಗಿಡ.

ಕಡಿಯುವ ಮೊದಲು ಎಲೆಯನ್ನು ನೋಡತಕ್ಕದ್ದು. ಲಕ್ಕಿಯಲ್ಲಿ ಒಂದೇ ತೊಟ್ಟಿನ ತುದಿಗೆ ಕೈಬೆರಳುಗಳಂತೆ ಐದು, ಕೆಲವು ವೇಳೆ ಮೂರು, ಎಲೆಗಳಿರುವುವು. ಅವುಗಳ ಅಡಿಭಾಗವು ಬೂದಿಬಿಳುಪು, ಹಿಸುಕಿದರೆ ಕಟುವಾಸನೆ. ಎಳೆಯ ಕಡ್ಡಿಯು ನಾಲ್ಕು ಮೂಲೆಯದು, ಹೂವು ನಸುನೇರಿಳೆ ಬಣ್ಣದ ಗೊಂಚಲು. ಕರಿಲಕ್ಕಿಗಾದರೋ ಭರ್ಜಿಯಾಕಾರದ ಬಿಡಿ ಎಲೆ, ಕಪ್ಪುನೇರಿಳೆ ಕಾಂಡ. ಹೂವಿಲ್ಲದ ಕಾಲದಲ್ಲಿಯೂ ಇಷ್ಟು ಗುರುತು ಸಾಕು.

ಬಲಿತ ಕಡ್ಡಿಗಳನ್ನು ಮುಂಗಾರು ಹಿಡಿದೊಡನೆ ನೆಡಬೇಕು.