ಕ್ರೌನ್ ಮತ್ತು ಪಿನಿಯನ್: ಹಿಂದಿನ ಆಕ್ಸಲಿನ ಹಲ್ಲುಚಕ್ರಗಳ ಜೋಡಣೆ

ಎಂಜಿನ್ನು ಮುಂದೆ ಇದ್ದು ಹಿಂದಿನ ಗಾಲಿಗಳು ನಡೆಯುವ ಮೋಟಾರು ಗಾಡಿಯಲ್ಲಿ, ಶಕ್ತಿಯು ಗಾಲಿಗಳನ್ನು ಮುಟ್ಟುವ ಮೊದಲು ಒಂದು ಸಮಕೋನದಷ್ಟು ತಿರುಗಲೇಬೇಕು. ಗಾಡಿಯ ಉದ್ದಕ್ಕೂ ಬರುವ ಷಾಫ್ಟು ಪಿನಿಯನ್ ಎಂಬ ಪುಟ್ಟ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಪಿನಿಯನ್ ಬಳೆಯಾಕಾರದ ದೊಡ್ಡ ಚಕ್ರವೊಂದನ್ನು ತಿರುಗಿಸುತ್ತದೆ. ಈ ದೊಡ್ಡ ಚಕ್ರವನ್ನು ಅಮೆರಿಕದವರು ರಿಂಗ್ ಗೇರ್ ಎನ್ನುವರು. ನಮ್ಮ ಮೋಟಾರು ಷೆಡ್ಡುಗಳಲ್ಲಿ ಕ್ರೌನ್ ಎಂಬ ಹೆಸರೇ ರೂಢಿಯಲ್ಲಿರುವುದರಿಂದ ನಾವೂ ಅದನ್ನೇ ಬಳಸೋಣ.

ಉದಾಹರಣೆಗೆ, 1957ರಿಂದ 1986ರವರೆಗೆ ಅಮೆರಿಕದ ಫೋರ್ಡ್ ಗಾಡಿಗಳಲ್ಲಿ ಬಂದ, ಇಂದಿಗೂ ಕಾಲು ಮೈಲಿ ಓಟದ ಪಂದ್ಯಗಾರರು ಮೆಚ್ಚುವ ‘9 ಅಂಗುಲ’ದ ಆಕ್ಸಲನ್ನು ತೆಗೆದುಕೊಳ್ಳೋಣ. 9 ಅಂಗುಲವೆಂಬುದು ಕ್ರೌನಿನ ವ್ಯಾಸ. ಪಿನಿಯನ್ನಿಗೆ 9, ಕ್ರೌನಿಗೆ 37 ಹಲ್ಲುಗಳಿದ್ದರೆ ಪ್ರಮಾಣವು 4.11 ಆಗುತ್ತದೆ. ಎಂಜಿನ್ನಿನ ತಿರುಗಿಸುವ ಬಲ 400 ಪೌಂಡ್-ಅಡಿ, ಮೊದಲನೆಯ ಗೇರಿನ ಪ್ರಮಾಣ 2.5 ಎನ್ನಿರಿ. ಪಿನಿಯನ್ನಿಗೆ 1,000, ಕ್ರೌನಿಗೆ 4,110 ಪೌಂಡ್-ಅಡಿಯ ಬಲ ಬಂತು. ಕ್ರೌನಿನ ತ್ರಿಜ್ಯ ನಾಲ್ಕೂವರೆ ಅಂಗುಲವಷ್ಟೆ. ಆದ್ದರಿಂದ ಹಲ್ಲುಗಳನ್ನು ಒತ್ತುವ ಭಾರವು 10,000 ಪೌಂಡುಗಳನ್ನು ಮೀರುತ್ತದೆ. ಇದನ್ನು ಒಂದೇ ಕಾಲದಲ್ಲಿ ಹೊರುವ ಹಲ್ಲುಗಳು ಎರಡೋ ಮೂರೋ ಮಾತ್ರ! ಅವು ತಕ್ಕ ಸ್ಥಳದಲ್ಲಿ ಮುಟ್ಟದೆ ಅಂಚಿನಲ್ಲಿ ಮುಟ್ಟಿದರೆ ಭಾರವೆಲ್ಲ ಆ ಅಂಚಿನ ಮೇಲೆ ಬಿದ್ದು ಹಲ್ಲು ಮುರಿಯುವುದು.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಪಿನಿಯನ್ನಿನ ಅಕ್ಷವು ಕ್ರೌನಿನ ಕೇಂದ್ರಕ್ಕೆ ನೇರವಾಗಿರದೆ ಕೆಳಗೆ ಸರಿದಿರುತ್ತದೆ. ಈ ಆಕ್ಸಲಿನಲ್ಲಿ ಎರಡು ಅಂಗುಲಕ್ಕೂ ಮಿಗಿಲಾಗಿ. ಹೈಪಾಯ್ಡ್ ಎಂಬ ಈ ರಚನೆಯನ್ನು ಪ್ಯಾಕಾರ್ಡ್ ಗಾಡಿಗಳು 1926ರಲ್ಲಿಯೇ ಬಳಸಿದುವು. ಇದರಿಂದ ಗಾಡಿಯ ನೆಲಗಟ್ಟನ್ನು ತಗ್ಗಿಸಬಹುದು. ಆದರೆ ಹಲ್ಲುಗಳು ಉರುಳುವುದಲ್ಲದೆ ಒಂದರ ಮೇಲೊಂದು ಜಾರುವುವು. ಸಾಮಾನ್ಯ ಎಣ್ಣೆಯ ಪೊರೆ ಈ ಉಜ್ಜುವಿಕೆಗೆ ನಿಲ್ಲದು. ಗಂಧಕ, ರಂಜಕಗಳ ಸಂಯುಕ್ತಗಳು ಬೆರೆತ ಎಣ್ಣೆ ಬೇಕು.

ಜೋಡಣೆಯಲ್ಲಿ ಮೂರು ಅಳತೆಗಳು ಮುಖ್ಯ. ಪಿನಿಯನ್ನಿನ ಬೇರಿಂಗುಗಳ ಬಿಗಿತ ಮೊದಲನೆಯದು. ಹೊಸ ಬೇರಿಂಗುಗಳಿದ್ದಾಗ ಪಿನಿಯನ್ನನ್ನು ತಿರುಗಿಸಲು ಸಾಮಾನ್ಯವಾಗಿ 15ರಿಂದ 25 ಪೌಂಡ್-ಅಂಗುಲದಷ್ಟು ಬಲ ಬೇಕಾಗಬೇಕು. ನಡುವೆ ಕುಗ್ಗುವ ಕೊಳವೆಯೊಂದನ್ನು ಇಟ್ಟಿದ್ದು ನಟ್ಟನ್ನು ಅತಿಯಾಗಿ ಬಿಗಿದರೆ, ನಟ್ಟನ್ನು ಸಡಿಲಿಸಿ ಸರಿಪಡಿಸುವಂತಿಲ್ಲ. ಹೊಸ ಕೊಳವೆಯೇ ಬೇಕು.

ಎರಡನೆಯದು ಪಿನಿಯನ್ನಿನ ಆಳ. ಈ ಆಕ್ಸಲಿನಲ್ಲಿ ಪಿನಿಯನ್ನಿನ ಬೇರಿಂಗು ಮನೆಗೂ ಕವಚಕ್ಕೂ ನಡುವೆ ಶಿಮ್ ಎಂಬ ತೆಳುತಗಡನ್ನು ಇಡುತ್ತಾರೆ. ಶಿಮ್ ದಪ್ಪವಾದಷ್ಟೂ ಪಿನಿಯನ್ ಕ್ರೌನಿನಿಂದ ದೂರವಾಗುವುದು. ಪಿನಿಯನ್ನಿನ ತಲೆಯ ಬಳಿಯ ಬೇರಿಂಗಿನ ಹಿಂದೆ ಶಿಮ್ ಇಡುವ ಬೇರೆ ಆಕ್ಸಲುಗಳಲ್ಲಿ ಪರಿಣಾಮವು ಇದಕ್ಕೆ ನೇರ ವಿರುದ್ಧ. ಒಂದನ್ನು ಕಲಿತು ಇನ್ನೊಂದಕ್ಕೆ ಕೈಹಾಕುವವರು ಇಲ್ಲಿ ಎಚ್ಚರದಿಂದಿರಬೇಕು. ಮೂರನೆಯದು ಹಲ್ಲುಗಳ ನಡುವಿನ ಸಡಿಲು, ಷೆಡ್ಡಿನ ಮಾತಿನಲ್ಲಿ ‘ಪ್ಲೇ’. ಕ್ರೌನಿನ ಇಕ್ಕೆಲಗಳ ಮರೆಯುಳ್ಳ ಬಿಲ್ಲೆಗಳಲ್ಲಿ ಒಂದನ್ನು ಸಡಿಲಿಸಿ ಇನ್ನೊಂದನ್ನು ಅಷ್ಟೇ ಬಿಗಿದು ಇದನ್ನು ಹೊಂದಿಸಬೇಕು. ಡಯಲ್ ಗೇಜು 0.008ರಿಂದ 0.012 ಅಂಗುಲ ತೋರಿದರೆ ಸಾಮಾನ್ಯವಾಗಿ ಒಪ್ಪಿತ; ಚಕ್ರಗಳನ್ನು ತಯಾರಿಸಿದವರು ಬೇರೆ ಅಂಕಿ ಕೊಟ್ಟಿದ್ದರೆ ಅದೇ ಪ್ರಮಾಣ.

ಆದರೆ ಗೇಜು ಸರಿಯೆಂದ ಮಾತ್ರಕ್ಕೆ ಜೋಡಣೆ ಸರಿಯೆಂದಲ್ಲ. ಪಿನಿಯನ್ ತಪ್ಪಾದ ಆಳದಲ್ಲಿದ್ದರೂ ಕ್ರೌನನ್ನು ಸರಿಸಿ ಬೇಕಾದ ಸಡಿಲನ್ನು ಪಡೆಯಬಹುದಷ್ಟೆ! ಕೊನೆಯ ತೀರ್ಪು ಹಲ್ಲಿನ ಮೇಲೆ ಮೂಡುವ ಗುರುತಿನದು. ಕ್ರೌನಿನ ಕೆಲವು ಹಲ್ಲುಗಳಿಗೆ ಹಳದಿ ಬಣ್ಣದ ಲೇಪವನ್ನು ತೆಳ್ಳಗೆ ಬಳಿದು, ಕ್ರೌನನ್ನು ಕೈಯಿಂದ ಸ್ವಲ್ಪ ತಡೆದುಕೊಂಡು ಪಿನಿಯನ್ನನ್ನು ತಿರುಗಿಸಿದರೆ, ಮುಟ್ಟಿದ ಜಾಗದಲ್ಲಿ ಲೇಪ ಅಳಿಸಿ ಹೋಗುತ್ತದೆ. ಗುರುತು ಹಲ್ಲಿನ ಬುಡಕ್ಕೆ ಇಳಿದಿದ್ದರೆ ಪಿನಿಯನ್ ಅತಿಯಾಗಿ ಒಳಗಿದೆ. ನೆತ್ತಿಗೆ ಏರಿದ್ದರೆ ಹೊರಗಿದೆ. ಹಲ್ಲಿನ ಹೊರತುದಿಗೆ ಹಿಮ್ಮಡಿಯೆಂದೂ ಒಳತುದಿಗೆ ಕಾಲ್ಬೆರಳೆಂದೂ ಹೆಸರು. ಮುಂದಕ್ಕೆ ಎಳೆಯುವ ಮುಖದಲ್ಲಿ ಗುರುತು ಹಿಮ್ಮಡಿಯ ಕಡೆಗೆ ಸರಿದಿದ್ದರೆ ಕ್ರೌನ್ ದೂರವಿದೆ. ಕಾಲ್ಬೆರಳಿನ ಕಡೆಗಿದ್ದರೆ ಸಮೀಪವಿದೆ. ಶಿಮ್ ಬದಲಾಯಿಸಿದೊಡನೆ ಸಡಿಲೂ ಬದಲಾಗುವುದರಿಂದ ಪ್ರತಿ ಸಲವೂ ಎರಡನ್ನೂ ಮತ್ತೆ ಅಳೆಯಬೇಕು. ಅರ್ಧ ದಿನ ಹಿಡಿದರೂ ಆಶ್ಚರ್ಯವಿಲ್ಲ.

ಗುರುತು ಎತ್ತರದಲ್ಲಿ ನಟ್ಟನಡುವೆ ಇರಬೇಕು. ಉದ್ದದಲ್ಲಿ ಕಾಲ್ಬೆರಳಿನತ್ತ ತುಸು ವಾಲಿದ್ದರೆ ದೋಷವಲ್ಲ. ಪಂದ್ಯದ ಗಾಡಿ ಹಠಾತ್ತನೆ ಹೊರಟಾಗ ಪಿನಿಯನ್ ಕ್ರೌನನ್ನು ಆಚೆಗೆ ತಳ್ಳುವುದು. ಕವಚವೂ ತುಸು ಬಾಗುವುದು. ಆಗ ಸ್ಪರ್ಶವು ಹಿಮ್ಮಡಿಯ ಕಡೆಗೆ ಹರಿಯುತ್ತದೆ. ಕೈಯಿಂದ ತಿರುಗಿಸಿ ನೋಡುವಾಗಲೇ ಹಿಮ್ಮಡಿಯಲ್ಲಿದ್ದ ಗುರುತಿಗೆ ಮುಂದೆ ಹರಿಯಲು ಸ್ಥಳವೆಲ್ಲಿ?

ಹೊಸ ಚಕ್ರಗಳನ್ನು ಒಡನೆಯೇ ಪಂದ್ಯಕ್ಕೆ ಒಯ್ಯಬಾರದು. ಉಜ್ಜುವಿಕೆ ಆರಂಭದಲ್ಲಿ ಹೆಚ್ಚು. ಕಾವು ಮಿತಿಮೀರಿದರೆ ಉಕ್ಕಿನ ಹದ ಕೆಡುತ್ತದೆ. ಹದಿನೈದು ಇಪ್ಪತ್ತು ನಿಮಿಷ ಮೆಲ್ಲನೆ ಓಡಿಸಿ, ಪೂರ್ತಿ ಆರಲು ಬಿಟ್ಟು, ಮತ್ತೆ ಓಡಿಸುವುದು ವಾಡಿಕೆ. ಸುಮಾರು 500 ಮೈಲಿಗಳ ಮೇಲೆ ಎಣ್ಣೆಯನ್ನು ಬದಲಾಯಿಸುವಾಗ ಅದರಲ್ಲಿ ನುಣುಪಾದ ಬೂದು ಪುಡಿ ಕಂಡರೆ ಸಹಜ. ಉಗುರಿಗೆ ತಗಲುವ ಚೂರು ಸಿಕ್ಕಿದರೆ ಎಲ್ಲವನ್ನೂ ಮತ್ತೆ ಬಿಚ್ಚಬೇಕು.